ಮದ್ದು ಅರ್ಧ ಕಾಳು ಹೆಚ್ಚು

ಆ ನೋಟ್‌ಬುಕ್ ನನ್ನ ಕೈಗೆ ಸಿಕ್ಕಿದ್ದು ವಾಷಿಂಗ್ ಮೆಷೀನಿಗೆ ಬಟ್ಟೆ ಹಾಕುವಾಗ, ನಮ್ಮವರ ಶುಕ್ರವಾರದ ಷರ್ಟಿನ ಜೇಬಿನಲ್ಲಿ. ಅಂಗೈಯಗಲದ್ದು, ಕಪ್ಪು ರಟ್ಟಿನದು. ಬಹರೇನಿನಲ್ಲಿ ವಾರದ ರಜೆ ಗುರುವಾರ-ಶುಕ್ರವಾರ ಹೋಗಿ ಶುಕ್ರವಾರ-ಶನಿವಾರ ಆಗಿದ್ದ ಹೊಸತು. ಶನಿವಾರ ಬೆಳಿಗ್ಗೆ ಏನು ಮಾಡಬೇಕೆಂದು ಗುದೈಬಿಯಾದ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಇನ್ನೂ ಗೊತ್ತಿರಲಿಲ್ಲ. ನಾನು ಬಟ್ಟೆ ಒಗೆಯುತ್ತಿದ್ದೆ. ಗಂಡನ ಜೇಬು ಶೋಧಿಸುವವಳಲ್ಲ ನಾನು. ನೀರಿಗೆ ಬೀಳಬಾರದ್ದು ಏನಾದರೂ ಇದೆಯೇ ಎಂದು ನೋಡುವವಳು. ಎರಡಕ್ಕೂ ವ್ಯತ್ಯಾಸವಿದೆ ಎಂದು ಅವತ್ತಿನವರೆಗೂ ನಂಬಿದ್ದೆ.

ತೆರೆದರೆ ಒಳಗೆಲ್ಲ ಕನ್ನಡ. ನನ್ನ ಮೊದಲನೆಯ ಅನುಮಾನ ಹುಟ್ಟಿದ್ದೇ ಅಲ್ಲಿ. ಅವರು ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ಪ್ರೆಷರ್ ಗೇಜುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸಿ ಸಹಿ ಹಾಕುವುದು ಅವರ ಕೆಲಸ. ಅಲ್ಲಿಯದೆಲ್ಲ ಇಂಗ್ಲಿಷ್. ಮನೆಯ ಸಾಮಾನಿನ ಲಿಸ್ಟು ನಾನು ಬರೆಯುವುದೂ ಇಂಗ್ಲಿಷಿನಲ್ಲೇ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್, ಅದೂ ಪಾಸ್ ಮಾರ್ಕ್ಸಿಗೆ ಮಾತ್ರ. ಅವರು ಸುಳ್ಯದ ಕಡೆಯವರು, ಹತ್ತನೆಯವರೆಗೆ ಕನ್ನಡ ಮೀಡಿಯಂ. ನಾನು ತಡವರಿಸಿ ಓದುವ ಲಿಪಿಯಲ್ಲಿ ಬರೆದಿದ್ದಾರೆ ಎಂದರೆ ನಾನು ಓದಬಾರದೆಂದೇ ಬರೆದಿದ್ದಾರೆ ಅನ್ನಿಸಿತು. ಹಾಗಾಗಿ ಕೂತು ಓದಿದೆ. ಈಗ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಇದ್ದಿದ್ದರೆ ಪಕ್ಕದಲ್ಲಿ ಕೂತು ನನ್ನ ಒತ್ತಕ್ಷರ ತಿದ್ದುತ್ತಿದ್ದರು.

ಅದರಲ್ಲಿ ಇದ್ದದ್ದು ಹೀಗೆ. "ಗಂಟಲು ಸವೆದದ್ದು ಹೌದು. ಭುಜ ಸ್ವಲ್ಪ ಹಿಂದೆ ಸರಿದಿದೆ. ಒಂದು ಕುತ್ತಿಗೆಯಲ್ಲಿ ಸೀಳು. ಮದ್ದು ಅರ್ಧ ಕಾಳು ಹೆಚ್ಚು ಮಾಡಿ ನೋಡಿದೆ. ಗುಣ ಇಲ್ಲ." ಮುಂದಿನ ಪುಟದಲ್ಲಿ, "ಮದ್ದು ಇನ್ನೂ ಅರ್ಧ ಕಾಳು ಹೆಚ್ಚು." ಅದರ ಕೆಳಗೆ, ಗೆರೆ ಎಳೆದು, "ಹಾಜಿಗೆ ಈಗಲೇ ಹೇಳುವುದು ಬೇಡ."

ಮೆಷೀನಿನ ಮುಚ್ಚಳ ತೆರೆದೇ ಇತ್ತು. ನಾನು ಅಲ್ಲೇ ಬಕೆಟಿನ ಮೇಲೆ ಕೂತುಬಿಟ್ಟೆ.

ಹಾಜಿ ಅಂದರೆ ಅವರ ಯಜಮಾನರು. ರಿಫಾದಲ್ಲಿ ಅವರ ವಿಲ್ಲಾ, ಅದರ ಹಿಂದಿನ ಗಲ್ಲಿಯಲ್ಲಿ ಸಣ್ಣ ವರ್ಕ್‌ಶಾಪ್. ದೊಡ್ಡ ಕಂಪನಿಯಿಂದ ನಮ್ಮವರು ರಿಟೈರ್ ಆದ ಮೇಲೆ ಹಳೇ ಪರಿಚಯದ ಹಾಜಿಯವರೇ ಕರೆದು ಅದೇ ಗೇಜಿನ ಕೆಲಸಕ್ಕೆ ವರ್ಕ್‌ಶಾಪಿನಲ್ಲಿ ಇಟ್ಟುಕೊಂಡಿದ್ದರು. ನಮ್ಮ ವೀಸಾ ಅವರದು. ಅರವತ್ತೆರಡು ವಯಸ್ಸಿನವರನ್ನು ಇನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಾಯಿಲೆ ಎಂದರೆ ಕೆಲಸ ಹೋಯಿತು. ಕೆಲಸ ಹೋದರೆ ಈ ಫ್ಲ್ಯಾಟು, ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸು, ಮೂವತ್ತು ವರ್ಷದ ಬಹರೇನು, ಎಲ್ಲ ಹೋಯಿತು. ಆದರೆ ಆಗ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಗಂಟಲು. ಗಂಟಲು ಎಂದರೆ ಒಂದೇ ಕಾಯಿಲೆ ನನಗೆ ಗೊತ್ತಿದ್ದದ್ದು. ಅದರ ಹೆಸರನ್ನು ನಾನು ಮನಸ್ಸಿನಲ್ಲೂ ಹೇಳಿಕೊಳ್ಳಲಿಲ್ಲ.

ಮದ್ದು ಅನ್ನುವುದು ಅವರ ಊರಿನ ಮಾತು. ನಾವು ಮೈಸೂರಿನವರು ಔಷಧಿ ಅನ್ನುತ್ತೇವೆ. ಕ್ರೋಸಿನಾದರೂ ಅವರಿಗೆ ಮದ್ದೇ. ಕಾಳಿನ ಲೆಕ್ಕದಲ್ಲಿ ಕೊಡುವ ಮದ್ದು ಎಂದರೆ ನಾಟಿ ಮದ್ದು. ಪ್ರತಿ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹಾಜಿಯವರ ಡ್ರೈವರ್ ಬಂದು ಕರೆದುಕೊಂಡು ಹೋಗುತ್ತಿದ್ದ. ಮಧ್ಯಾಹ್ನ ಬಂದಾಗ ಷರ್ಟಿನಲ್ಲಿ ಸುಟ್ಟ ಪಟಾಕಿಯ ಮೇಲೆ ನೇಲ್ ಪಾಲಿಶ್ ಚೆಲ್ಲಿದಂಥ ವಾಸನೆ. ಮೂರು ತಿಂಗಳಿಂದ ಹೀಗೆ. ಹಾಜಿಯವರ ಹಳೇ ಬಂದೂಕು ಕ್ಲೀನ್ ಮಾಡ್ಲಿಕ್ಕೆ ಎಂದು ಹೇಳಿದ್ದರು. ಒಂದು ಬಂದೂಕು ಕ್ಲೀನ್ ಮಾಡಲು ಮೂರು ತಿಂಗಳೇ?

ಊಟಕ್ಕೆ ಕೂತಾಗ ಅವರು ನೀರು ನುಂಗುವುದನ್ನೇ ನೋಡಿದೆ.

"ರೀ, ಗಂಟಲು ಹೇಗಿದೆ?"

"ಎಂತ ಗಂಟಲು?"

"ನಿಮ್ದು."

"ಇದ್ದಲ್ಲೇ ಉಂಟು."

"ಭುಜ?"

ಅವರು ತುತ್ತು ಕೆಳಗಿಟ್ಟರು. "ಎಂತ ಮಾರಾಯ್ತಿ, ನನ್ನನ್ನು ಮಾರ್ಲಿಕ್ಕೆ ಉಂಟಾ? ಒಂದೊಂದೇ ಚೆಕ್ ಮಾಡ್ತಾ ಇದ್ದಿ."

ನಾನು ನಗಲಿಲ್ಲ. ಅವರು ನಗಿಸಲು ನೋಡಿದಾಗೆಲ್ಲ ನನಗೆ ಅನುಮಾನ ಹೆಚ್ಚಾಗುತ್ತಿತ್ತು. ಆ ವಾರವಿಡೀ ಕಾದೆ. ಮುಂದಿನ ಶುಕ್ರವಾರ ಡ್ರೈವರ್ ಮೇಲೆ ಬಂದು ಬೆಲ್ ಒತ್ತಿದಾಗ ಬಾಗಿಲಲ್ಲೇ ನಿಲ್ಲಿಸಿದೆ. ಅವನು ಉಳ್ಳಾಲದವನು, ಬ್ಯಾರಿ, ನಲವತ್ತೈದು ದಾಟಿದವನು. ಹತ್ತು ವರ್ಷದ ಹಿಂದೆ ಅವನಿಗೆ ಹಾಜಿಯವರ ಹತ್ತಿರ ಕೆಲಸ ಕೊಡಿಸಿದ್ದು ನಮ್ಮವರೇ. ನನ್ನನ್ನು ಅಕ್ಕ ಎನ್ನುತ್ತಿದ್ದ. ನನಗೆ ಮಾತ್ರ ಅವನ ಮೇಲೆ ಅಷ್ಟು ನಂಬಿಕೆ ಬಂದಿರಲಿಲ್ಲ. ಕೇಳಿದ್ದಕ್ಕೆಲ್ಲ ಹೌದು ಎನ್ನುವವರನ್ನು ನಂಬಬೇಡಿ ಎಂದು ನಮ್ಮ ಸಿಸ್ಟರ್ ಸುಪೀರಿಯರ್ ಹೇಳುತ್ತಿದ್ದರು.

"ನಿಜ ಹೇಳಪ್ಪ. ಇವರನ್ನ ಯಾವ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀಯ?"

"ಡಾಕ್ಟ್ರಾ? ಇಲ್ಲಕ್ಕ, ರೇಂಜಿಗೆ ಹೋಗುದು."

"ಮದ್ದು ಕೊಡೋದು ಯಾರು?"

ಅವನ ಮುಖ ಬಿಳಚಿಕೊಂಡಿತು. "ಮದ್ದು... ಅದು ಸರ್ ಅವರೇ ಹಾಕುದು. ನಾನು ಮುಟ್ಟುದಿಲ್ಲ ಅಕ್ಕ."

ಅಷ್ಟರಲ್ಲಿ ನಮ್ಮವರು ಬಚ್ಚಲಿಂದ ಹೊರಗೆ ಬಂದರು. ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು. ನಾನು ಪುಟ ತೆರೆದು, ತಡವರಿಸುತ್ತ, ಗಂಟಲು ಸವೆದದ್ದು ಹೌದು ಎಂದು ಗಟ್ಟಿಯಾಗಿ ಓದಿದೆ. ಕುತ್ತಿಗೆಯ ಸೀಳಿಗೆ ಬರುವ ಹೊತ್ತಿಗೆ ಅವರು ಬಾಗಿಲ ಚೌಕಟ್ಟು ಹಿಡಿದು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಂತೆ.

ಒಳಗೆ ಹೋಗಿ ಒಂದು ಹಿತ್ತಾಳೆಯ ಕೊಳವೆ ತಂದು ಡೈನಿಂಗ್ ಟೇಬಲ್ಲಿನ ಮೇಲೆ ನಿಲ್ಲಿಸಿದರು. ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಮೇಲೆ ಬಾಟಲಿಯ ಹಾಗೆ ಸಣ್ಣದಾಗಿತ್ತು. "ನೋಡು, ಇದು ತೋಟೆ. ಖಾಲಿ ತೋಟೆ. ಇದು ಇದರ ಕುತ್ತಿಗೆ. ಇದು ಭುಜ. ಗಂಟಲು ಇದರದ್ದಲ್ಲ, ಕೋವಿಯ ನಳಿಗೆಯದ್ದು. ಹಳೇ ಕೋವಿ ಅಲ್ವಾ, ಸವೆದಿದೆ. ಮದ್ದು ಅಂದ್ರೆ ಕೋವಿ ಮದ್ದು. ಕಾಳು ಅಂದ್ರೆ ಗ್ರೇನ್. ತೂಕ. ನಿನ್ನ ಇಂಗ್ಲಿಷೇ."

"ಗ್ರೇನ್ ಅಂದ್ರೆ ಧಾನ್ಯ."

"ಇಲ್ಲಿ ತೂಕ, ಟೀಚರೇ."

"ಕನ್ನಡದಲ್ಲಿ ಯಾಕೆ ಬರೆದ್ರಿ?"

"ಇಂಗ್ಲಿಷಲ್ಲಿ ಬರೆದ್ರೆ ನೀನು ಸ್ಪೆಲ್ಲಿಂಗ್ ನೋಡ್ತಿ."

ಆಮೇಲೆ ಅವರು ಹೇಳಿದ್ದು ಇಷ್ಟು. ಹಾಜಿಯವರ ತಂದೆಯ ಕಾಲದ ಬೇಟೆಯ ರೈಫಲ್ ಅದು, ಬೋಲ್ಟಿನದು. ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎತ್ತಿ, ಹಿಂದೆಳೆದು, ಮುಂದೆ ದೂಡಬೇಕು. ಆ ಅಳತೆಯ ತೋಟೆ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹಾರಿಸಿ ಉಳಿದ ಹಿತ್ತಾಳೆಯನ್ನೇ ತೊಳೆದು, ಬುಡದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತಬೇಕು. ಎಷ್ಟು ಮದ್ದು ಆ ಕೋವಿಗೆ ಹೊಂದುತ್ತದೆ ಎಂದು ಯಾರೂ ಹೇಳಲಾರರು, ಹಾರಿಸಿಯೇ ನೋಡಬೇಕು. ಕಡಿಮೆಯಿಂದ ಶುರು ಮಾಡಿ, ಅರ್ಧರ್ಧ ಕಾಳು ಹೆಚ್ಚಿಸುತ್ತ, ಒಂದು ಕಂತಿಗೆ ಐದು ತೋಟೆ. ಯಾವ ಕಂತಿನ ಐದು ತೂತುಗಳು ಕಾಗದದ ಮೇಲೆ ಒಂದರ ಪಕ್ಕ ಒಂದು ಬೀಳುತ್ತವೆಯೋ ಅದೇ ಸರಿಯಾದ ಮದ್ದು. ಹಾಜಿಯವರ ಕೈ ನಡುಗುತ್ತಿತ್ತು. ಅವರು ಹಾರಿಸುವ ಕಾಲ ಮುಗಿದಿತ್ತು. ಚಳಿಗಾಲದಲ್ಲಿ ಅವರ ಮಗ ಆ ರೈಫಲ್ ತೆಗೆದುಕೊಂಡು ಹೊರದೇಶಕ್ಕೆ ಬೇಟೆಗೆ ಹೋಗುವವನಿದ್ದ. ಅಷ್ಟರಲ್ಲಿ ತೋಟೆ ತಯಾರಾಗಬೇಕು. ಸುಳ್ಯದಲ್ಲಿ ತಂದೆಯ ಕೋವಿಗೆ ತೋಟೆ ತುಂಬಿಸಿದ ಅನುಭವ ಇದ್ದದ್ದು ನಮ್ಮವರಿಗೆ ಮಾತ್ರ.

"ಮದ್ದು ಹೆಚ್ಚಾದ್ರೆ?"

"ಬೋಲ್ಟು ಬಿಗಿ ಆಗ್ತದೆ. ಅದಕ್ಕೂ ಹೆಚ್ಚಾದ್ರೆ ಕೋವಿ ಒಡೀತದೆ."

"ಯಾರ ಮುಖದ ಮೇಲೆ?"

"ಯಾರು ಹಿಡ್ಕೊಂಡಿದ್ದಾರೋ ಅವರದ್ದು."

ಅಲ್ಲಿಗೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹಾಜಿಗೆ ಹೇಳುವುದು ಬೇಡ ಅನ್ನುವ ಸಾಲಿಗೆ ಬೆರಳಿಟ್ಟು ಕೇಳಿದೆ. ಅವರು ಡ್ರೈವರ್ ಕೆಳಗಿಳಿಯುವವರೆಗೆ ಸುಮ್ಮನಿದ್ದು, ದನಿ ತಗ್ಗಿಸಿದರು. ತೂತುಗಳು ಸೇರುತ್ತಿಲ್ಲ. ಎಷ್ಟು ಹೆಚ್ಚಿಸಿದರೂ ಎರಡು ಎಡಕ್ಕೆ, ಮೂರು ಬಲಕ್ಕೆ. ತನ್ನ ತೋಟೆಯನ್ನು ಯಾರೋ ಮುಟ್ಟುತ್ತಿದ್ದಾರೆ. ತೋಟೆ ತೊಳೆದು ಜೋಡಿಸುವುದು ಆ ಡ್ರೈವರ್. ಒಂದು ಕಂತನ್ನು ಇನ್ನೊಂದಕ್ಕೆ ಬೆರೆಸುತ್ತಿದ್ದಾನೆ. ಬೇಕೆಂದೋ ಅಜಾಗರೂಕತೆಯಿಂದಲೋ ಗೊತ್ತಿಲ್ಲ. "ಇನ್ನೊಂದು ವಾರ ನೋಡ್ತೇನೆ. ಆಮೇಲೆ ಹಾಜಿಗೆ ಹೇಳುದೇ."

ಹಾಜಿಗೆ ಹೇಳಿದರೆ ಡ್ರೈವರ್ ಊರಿಗೆ ಹೋಗುವ ವಿಮಾನದಲ್ಲಿರುತ್ತಾನೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ತಲೆಯಾಡಿಸಿದೆ. ಬಾಗಿಲಲ್ಲಿ ಅವನ ಮುಖ ಬಿಳಚಿದ್ದು ಕಣ್ಣ ಮುಂದಿತ್ತು. ನಾನು ಕೇಳಿದ್ದು ಮದ್ದು ಕೊಡೋದು ಯಾರು ಎಂದು. ಮುಟ್ಟುವುದಿಲ್ಲ ಎಂದು ಅವನು ತಾನಾಗಿ ಯಾಕೆ ಹೇಳಬೇಕು?

ಆದರೂ ಅವರು ಹೋದ ಮೇಲೆ ಮತ್ತೆ ನೋಟ್‌ಬುಕ್ ತೆಗೆದೆ. ನನಗೆ ಒಂದು ಚಟ ಇದೆ, ಟೀಚರುಗಳಿಗೆಲ್ಲ ಇರುವಂಥದ್ದು. ಬರೆದದ್ದನ್ನು ಬಿಟ್ಟು ಬರವಣಿಗೆ ನೋಡುವುದು. ಮೊದಲ ಪುಟಗಳ ಅಕ್ಷರ ಸಾಸಿವೆಯಷ್ಟು, ಗೆರೆಯ ಮೇಲೆ ಕೂತಿದ್ದವು. ಕೊನೆಯ ಪುಟಗಳ ಅಕ್ಷರ ಹುಣಿಸೆ ಬೀಜದಷ್ಟು, ಗೆರೆ ಬಿಟ್ಟು ಕೆಳಗಿಳಿದಿದ್ದವು. ಒಂದು ಸಾಲು ಇನ್ನೊಂದರ ಮೇಲೆ ಹತ್ತಿತ್ತು. ಅವಸರ ಎಂದುಕೊಂಡೆ. ಅವಸರ ಯಾತಕ್ಕೆ ಎಂದೂ ಅಂದುಕೊಂಡೆ. ಅವರು ನನಗೆ ಹೇಳದ ಮಾತು ಇನ್ನೂ ಒಂದಿದೆ, ಅದು ಡ್ರೈವರನದ್ದಲ್ಲ, ಅವರದ್ದೇ, ಅನ್ನುವುದು ಮನಸ್ಸಿಗೆ ಅಂಟಿಕೊಂಡಿತು.

ಮುಂದಿನ ಶುಕ್ರವಾರ ನಾನೂ ಬರುತ್ತೇನೆ ಎಂದೆ.

"ಅಲ್ಲಿ ಹೆಂಗಸರು ಬರುದಿಲ್ಲ."

"ಹಾಗಾದ್ರೆ ನಾನೇ ಫಸ್ಟ್."

ರಿಫಾ ದಾಟಿ ದಕ್ಷಿಣಕ್ಕೆ, ರಸ್ತೆಯ ಪಕ್ಕ ಎಣ್ಣೆಯ ಪೈಪುಗಳು ನಮ್ಮ ಜೊತೆಗೇ ಬರುತ್ತಿದ್ದವು. ನವೆಂಬರ್, ಆದರೂ ಎಂಟು ಗಂಟೆಗೆ ಕಣ್ಣು ಕುಕ್ಕುವ ಬಿಸಿಲು. ಮಣ್ಣಿನ ದಿಬ್ಬ ಎಬ್ಬಿಸಿದ ಬಯಲೇ ರೇಂಜು. ಲೈಸೆನ್ಸು, ಪರ್ಮಿಷನ್ನು, ಎಲ್ಲ ಹಾಜಿಯವರ ಹೆಸರಿನಲ್ಲಿ, ಒಂದು ಹಸಿರು ಫೈಲಿನಲ್ಲಿ ಸೀಟಿನ ಮೇಲಿತ್ತು. ಹಾಜಿಯವರು ಆಗಲೇ ಬಂದು ತಮ್ಮ ಕಾರಿನಲ್ಲಿ ಬಾಗಿಲು ತೆರೆದಿಟ್ಟು ಕೂತಿದ್ದರು, ಗಾವಾದ, ಅಂದರೆ ಅರಬ್ಬೀ ಕಾಫಿಯ, ಫ್ಲಾಸ್ಕು ಪಕ್ಕದಲ್ಲಿ. ಬಾಂಬೆಯ ವ್ಯಾಪಾರ ಮಾಡಿದ ಹಳೇ ತಲೆ, ಹಿಂದಿ ಚೆನ್ನಾಗಿ ಬರುತ್ತಿತ್ತು.

"ಮೇಡಮ್ ಭೀ ಶಿಕಾರ್ ಕರೇಂಗೀ?" ಎಂದು, ನಾನೂ ಬೇಟೆಯಾಡುತ್ತೇನೆಯೇ ಎಂದು ಕೇಳಿದರು.

"ಸಿರ್ಫ್ ದೇಖ್ನೇ ಆಯೀ ಹೂಂ," ಎಂದೆ. ನೋಡಲು ಮಾತ್ರ ಬಂದೆ ಎಂದದ್ದು ಅಕ್ಷರಶಃ ನಿಜವಾಗಿತ್ತು.

ತಗಡಿನ ನೆರಳಿನ ಕೆಳಗೆ ಒಂದು ಮರದ ಬೆಂಚು. ಅದರ ಮೇಲೆ ಮರಳು ಚೀಲ, ಚೀಲದ ಮೇಲೆ ರೈಫಲ್. ನಾನು ಊಹಿಸಿದ್ದಕ್ಕಿಂತ ಸುಂದರವಾಗಿತ್ತು. ಹಿಡಿಯ ಮರ ಕಾಫಿಯ ಬಣ್ಣಕ್ಕೆ ತಿರುಗಿತ್ತು. ದುರ್ಬೀನು ಕೂರಿಸಲು ಹಾಜಿಯವರು ಬಿಟ್ಟಿರಲಿಲ್ಲವಂತೆ, ತಂದೆ ಇಟ್ಟ ಹಾಗೇ ಇರಲಿ ಎಂದು. ಹಿಂದೆ ಒಂದು ಸೀಳು, ನಳಿಗೆಯ ತುದಿಯಲ್ಲಿ ಒಂದು ಮಣಿ. ಸೀಳಿನ ನಡುವೆ ಮಣಿ ನಿಲ್ಲಿಸಿ ಗುರಿ ಇಡಬೇಕು. ಪಕ್ಕದಲ್ಲಿ ಮರದ ಹಲಗೆ, ಅದರಲ್ಲಿ ಐದೈದಾಗಿ ನಿಂತ ತೋಟೆಗಳು. ಪ್ರತಿ ಐದರ ಕೆಳಗೂ ಒಂದು ಚೀಟಿ. ಚೀಟಿ ಗಟ್ಟಿಯಾಗಿ ಓದದೆ ತೋಟೆ ಹಾಕಬಾರದು, ಅದು ನಮ್ಮವರ ತಂದೆಯ ಕಾಲದಿಂದ ಬಂದ ಕಟ್ಟುಪಾಡು. ಅವರು ಓದುತ್ತಾರೆ, ಡ್ರೈವರ್ ಬರೆದುಕೊಳ್ಳುತ್ತಾನೆ, ಆಮೇಲೆ ಬೋಲ್ಟು.

ಡ್ರೈವರನ ಮುಂದೆ ಮೂರು ಕಾಲಿನ ಮೇಲೆ ಒಂದು ಟೆಲಿಸ್ಕೋಪ್. ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವುದು ಅವನ ಕೆಲಸ. ಕಾಗದ ತರಲು ನಮ್ಮವರು ದಿಬ್ಬದವರೆಗೆ ನಡೆಯುತ್ತಿರಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದರು. ನಮ್ಮ ಫ್ಲ್ಯಾಟಿಗೆ ಲಿಫ್ಟಿಲ್ಲ. ಮೂರು ಮಹಡಿ ಹತ್ತುವಾಗ ಇಲ್ಲದ ಮೊಣಕಾಲು.

ಅವರು ಚೀಟಿ ಎತ್ತಿದರು, ಹಣೆಯ ಮೇಲಿನ ಕನ್ನಡಕ ಇಳಿಸಿದರು. "ಮೂರನೇ ಕಂತು. ಅರ್ಧ ಕಾಳು ಹೆಚ್ಚು." ಮೊದಲ ಗುಂಡು. ನಾನು ಕಿವಿ ಮುಚ್ಚಿಕೊಂಡಿದ್ದರೂ ಸದ್ದು ಹಲ್ಲಿಗೆ ಬಡಿಯಿತು.

"ಎಲ್ಲಿ ಬಿತ್ತು?"

"ಎಡಕ್ಕೆ ಸರ್, ಎರಡು ಬೆರಳು."

ಎರಡನೆಯದು. "ಬಲಕ್ಕೆ, ಮೂರು ಬೆರಳು." ಹಾಗೆ ಐದೂ ಆಯಿತು. ಎಲ್ಲ ಎರಡು ಬೆರಳು, ಮೂರು ಬೆರಳು. ಡ್ರೈವರ್ ನೀರು ಕುಡಿಯಲು ಎದ್ದಾಗ ನಾನು ಟೆಲಿಸ್ಕೋಪಿಗೆ ಕಣ್ಣಿಟ್ಟೆ. ಬಿಳಿಯ ಕಾಗದ, ನಡುವೆ ಕಪ್ಪು ಚುಕ್ಕೆ. ತೂತು ಒಂದು, ಮೇಲಿನ ಮೂಲೆಯಲ್ಲಿ. ಇನ್ನೊಂದು, ಕಾಗದದ ಅಂಚು ಹರಿದುಕೊಂಡು ಹೋಗಿತ್ತು. ಉಳಿದ ಮೂರು ಎಲ್ಲೂ ಇಲ್ಲ.

ಸಿಕ್ಕಿಬಿದ್ದ ಎಂದುಕೊಂಡೆ. ಅವನು ಸುಳ್ಳು ಹೇಳುತ್ತಿದ್ದಾನೆ, ನನ್ನ ಗಂಡನ ಮೂರು ತಿಂಗಳ ಕೆಲಸ ಹಾಳು ಮಾಡುತ್ತಿದ್ದಾನೆ. ಬಾಟಲಿ ಹಿಡಿದು ಬಂದವನನ್ನು ಅಡ್ಡಗಟ್ಟಿದೆ.

"ಏನಪ್ಪ, ಎರಡು ಬೆರಳಾ ಅದು?"

ಅವನು ಬೆಂಚಿನ ಕಡೆ ನೋಡಿದ, ನನ್ನ ಕಡೆ ನೋಡಿದ. "ಅಕ್ಕ, ಮೆಲ್ಲ."

"ಯಾಕೆ ಮೆಲ್ಲ? ಸುಳ್ಳು ಯಾಕೆ ಹೇಳ್ತೀಯ?"

"ಸರ್‌ಗೆ ಬೇಜಾರಾಗ್ತದೆ." ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದ. "ನೀವು ಮನೆಯಲ್ಲಿ ಇರುವವರು. ನಿಮಗೆ ಗೊತ್ತಿಲ್ವಾ?"

ಏನು ಗೊತ್ತಿಲ್ಲ ಎಂದು ಕೇಳಲು ಬಾಯಿ ತೆರೆದವಳು ಬೆಂಚಿನ ಕಡೆ ತಿರುಗಿದೆ. ನಮ್ಮವರು ಬೆನ್ನು ತಿರುಗಿಸಿ, ಮುಂದಿನ ಚೀಟಿಗಾಗಿ ಹಲಗೆಯ ಮೇಲೆ ಬೆರಳಾಡಿಸುತ್ತಿದ್ದರು. ನೋಡುತ್ತಿರಲಿಲ್ಲ, ತಡಕುತ್ತಿದ್ದರು. ರಾತ್ರಿ ಡ್ರೈವ್ ಮಾಡುವುದನ್ನು ಬಿಟ್ಟಿದ್ದು, ಹೂರಾದ ಅಂಗಡಿಯಲ್ಲಿ ಬೋರ್ಡು ಓದಲು ನನ್ನನ್ನು ಮುಂದೆ ಬಿಡುವುದು, ಟೀವಿಯ ಹತ್ತಿರ ಕುರ್ಚಿ ಎಳೆದುಕೊಂಡದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಗಂಟಲು, ಭುಜ, ಕುತ್ತಿಗೆ ಎಂದು ಒಂದೊಂದೇ ಅಂಗ ಅನುಮಾನಿಸುತ್ತ ಹೋದವಳು ಮುಖದ ನಡುವೆ ಇದ್ದದ್ದನ್ನು ನೋಡಿರಲಿಲ್ಲ.

ಆಗಲೂ ನಾನು ನಂಬಲಿಲ್ಲ. ಪ್ರೂಫ್ ಬೇಕಿತ್ತು. ಮನೆಗೆ ಹೋಗಿ, ಬಾಗಿಲು ಹಾಕಿ, ಕಣ್ಣು ಕಾಣಿಸ್ತಾ ಇಲ್ವೇನ್ರೀ ಎಂದು ಕೇಳಬಹುದಿತ್ತು. ಇವತ್ತು ಅದೇ ಅನ್ನಿಸುತ್ತದೆ. ಆದರೆ ಮುಂದಿನ ಕಂತು ಹಲಗೆಯ ಮೇಲೆ ನಿಂತಿತ್ತು, ಎಲ್ಲಕ್ಕಿಂತ ಹೆಚ್ಚು ಮದ್ದಿನದು. ಅದಕ್ಕೂ ತೂತು ಸೇರದಿದ್ದರೆ ಡ್ರೈವರ್ ವಿಮಾನ ಹತ್ತುತ್ತಾನೆ, ಇವರು ಇನ್ನೂ ಅರ್ಧ ಕಾಳು ಹೆಚ್ಚಿಸುತ್ತಾರೆ. ನಮ್ಮ ಸಿಸ್ಟರುಗಳು ಹೇಳದೆ ಕೇಳದೆ ಸರ್‌ಪ್ರೈಸ್ ಟೆಸ್ಟ್ ಕೊಡುತ್ತಿದ್ದರು. ನನಗೆ ಗೊತ್ತಿದ್ದ ದಾರಿ ಅದೊಂದೇ.

ಅವರು ಕೈ ಒರೆಸಿಕೊಳ್ಳಲು ಆ ಕಡೆ ತಿರುಗಿದಾಗ ಹಲಗೆಯಿಂದ ಚೀಟಿ ತೆಗೆದು, ನನ್ನ ಬ್ಯಾಗಿನಲ್ಲಿದ್ದ ಇನ್ನೊಂದು ಚೀಟಿ ಅಲ್ಲಿಟ್ಟೆ. ಡ್ರೈವರ್ ನೋಡಿದ, ತನ್ನ ಪೆನ್ನು ತೆಗೆದುಕೊಂಡ.

ಅವರು ಬಂದು ಕೂತರು. ಚೀಟಿ ಎತ್ತಿದರು, ಕನ್ನಡಕ ಇಳಿಸಿದರು, ಕೈ ಚಾಚಿ ಹಿಡಿದರು, ಹತ್ತಿರ ತಂದರು. ಓದುವವರ ಹಾಗೆಯೇ ತುಟಿ ಅಲ್ಲಾಡಿತು.

"ನಾಲ್ಕನೇ ಕಂತು. ಮದ್ದು ಅರ್ಧ ಕಾಳು ಹೆಚ್ಚು."

ಡ್ರೈವರನ ಪೆನ್ನು ನಿಂತಿತು.

"ಎಂತ, ಬರೆದ್ಯಾ?"

"ರೀ," ಎಂದೆ. "ಅದು ನನ್ನ ಮಾರ್ಕೆಟ್ ಲಿಸ್ಟು."

ಅವರು ಚೀಟಿಯನ್ನು ಮತ್ತೊಮ್ಮೆ ನೋಡಿದರು. ತಿರುಗಿಸಿ ನೋಡಿದರು. ಇನ್ನೂ ಓದಬಹುದು ಅನ್ನುವ ಹಾಗೆ ಬಿಸಿಲಿಗೆ ಹಿಡಿದರು. ಆ ಒಂದು ನಿಮಿಷವನ್ನು ನಾನು ಮನಸ್ಸಿನಲ್ಲಿ ಅವರಿಂದ ಎಷ್ಟು ಸಾರಿ ವಾಪಸ್ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ, ಆದರೆ ಅದು ಅಲ್ಲೇ ಇದೆ.

"ಕನ್ನಡಕದ ನಂಬ್ರ ಬದಲಾಗಿದೆ," ಎಂದರು.

"ಮುಂದಿನ ಮಣಿ ಎಷ್ಟು ಕಾಣ್ತದೆ ನಿಮ್ಗೆ?"

"ಬಿಸಿಲಲ್ಲಿ ಎರಡು ಕಾಣ್ತದೆ. ಎಲ್ಲರಿಗೂ ಹಾಗೇ."

"ಎಲ್ಲರಿಗೂ ಒಂದೇ ಕಾಣೋದು."

ಅವರು ಹಲಗೆಯ ಮೇಲಿನ ಐದು ತೋಟೆಗಳ ತಲೆಯನ್ನು ಒಂದೊಂದಾಗಿ ಮುಟ್ಟಿದರು. ಅವರ ಮನಸ್ಸಿಗೆ ಬಂದದ್ದು ಅದೇ ಕ್ಷಣಕ್ಕೆ ನನಗೂ ಬಂತು. ಮಣಿ ಎರಡು ಕಾಣುವವರಿಗೆ ತಕ್ಕಡಿಯ ಮುಳ್ಳು ಎಷ್ಟು ಕಂಡಿರಬೇಕು?

"ಇದರಲ್ಲಿ ಎಷ್ಟು ಉಂಟು ಅಂತ ನನಗೆ ಗೊತ್ತಿಲ್ಲ," ಎಂದು ಅವರು ತಮಗೇ ಹೇಳಿಕೊಂಡಂತೆ ಹೇಳಿದರು. "ಇದನ್ನು ಹಾರಿಸ್ಲಿಕ್ಕಿಲ್ಲ."

"ನನಗೆ ಗೊತ್ತುಂಟು ಸರ್," ಎಂದ ಡ್ರೈವರ್.

ಇಬ್ಬರೂ ಅವನ ಕಡೆ ತಿರುಗಿದೆವು. ಅವನು ನೆಲ ನೋಡುತ್ತ ಹೇಳಿದ. ಗುರುವಾರ ಸಂಜೆ ಸರ್ ಮದ್ದು ತೂಗಿ ತೋಟೆಗಳಿಗೆ ಹಾಕಿ, ಗುಂಡು ಒತ್ತುವ ಮೊದಲು ಹಾಜಿಯವರ ಜೊತೆ ಚಹಾಕ್ಕೆ ಹೋಗುತ್ತಾರೆ. ಆ ಅರ್ಧ ಗಂಟೆಯಲ್ಲಿ ಅವನು ಒಂದೊಂದನ್ನೂ ವರ್ಕ್‌ಶಾಪಿನ ಡಿಜಿಟಲ್ ತಕ್ಕಡಿಯಲ್ಲಿ ಸುರಿದು ನೋಡುತ್ತಿದ್ದ. ಒಂದರಲ್ಲಿ ಕಡಿಮೆ, ಒಂದರಲ್ಲಿ ತುಂಬಾ ಹೆಚ್ಚು. ಒಮ್ಮೆ ನೋಡಿ ಹೆದರಿಕೊಂಡ. ಅಂದಿನಿಂದ ಎಲ್ಲವನ್ನೂ ಮೊದಲ ಕಂತಿನ ತೂಕಕ್ಕೇ ತಂದು ಇಡುತ್ತಿದ್ದ.

"ಅಂದ್ರೆ ಎರಡು, ಮೂರು, ನಾಲ್ಕು..." ಎಂದರು ಇವರು.

"ಎಲ್ಲ ಒಂದನೇದೇ ಸರ್."

"ನನ್ನ ತೋಟೆಯನ್ನು ನೀನು ಮುಟ್ಟಿದ್ಯಾ?"

"ಮುಟ್ಟಿದ್ದೇನೆ."

"ಹಾಜಿಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಊರಿಗೆ. ನಾನು ಹೇಗೆ ಹೇಳುದು?"

ಯಾರೋ ತನ್ನ ತೋಟೆ ಮುಟ್ಟುತ್ತಿದ್ದಾರೆ ಅನ್ನುವ ಅವರ ಅನುಮಾನ ನಿಜವೇ ಆಗಿತ್ತು. ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನುವ ನನ್ನ ಅನುಮಾನವೂ ನಿಜ. ನಾವಿಬ್ಬರೂ ಸರಿಯಾಗಿಯೇ ಹಿಡಿದಿದ್ದೆವು, ಆದರೂ ತಲೆ ಎತ್ತಲಾಗಲಿಲ್ಲ. ಅವನು ಮಾಡಿದ್ದು ಪೂರ್ತಿ ಒಳ್ಳೆಯದೆಂದು ಇವತ್ತಿಗೂ ನಾನು ಹೇಳಲಾರೆ; ಎರಡು ಬೆರಳು ಎಂದು ಹೇಳುತ್ತ ಹೋದದ್ದಕ್ಕೇ ಇವರು ಇನ್ನೇನು ಸೇರುತ್ತದೆ ಎಂದು ಮದ್ದು ಹೆಚ್ಚಿಸುತ್ತ ಹೋದರು. ಅವನ ಬದಲು ನಾನಿದ್ದಿದ್ದರೆ ಮೊದಲ ವಾರವೇ ಹೇಳಿಬಿಡುತ್ತಿದ್ದೆ. ಅದೂ ಒಳ್ಳೆಯದಾಗುತ್ತಿತ್ತೆಂದು ಹೇಳಲಾರೆ.

ನಮ್ಮವರು ಬೋಲ್ಟು ಎಳೆದು ಕಳಚಿ ಕೈಯಲ್ಲಿ ಹಿಡಿದರು. ಎದ್ದು, ಡ್ರೈವರನ ಭುಜದ ಮೇಲೆ ಕೈಯಿಟ್ಟರು. ಪ್ರೀತಿಗೆ ಎಂದುಕೊಂಡೆ. ಪ್ರೀತಿಗಲ್ಲ, ಹಾಜಿಯವರ ಕಾರಿನವರೆಗೆ ಕಲ್ಲುಗಳ ನಡುವೆ ನಡೆಯಲು. ನಾನು ನಾಲ್ಕು ಹೆಜ್ಜೆ ಹಿಂದೆ ಹೋದೆ. ಯಾರೂ ನನ್ನನ್ನು ಕರೆದಿರಲಿಲ್ಲ.

ಹಾಜಿಯವರ ಕೈಗೆ ಬೋಲ್ಟು ಕೊಟ್ಟು ಅವರು ಹಿಂದಿಯಲ್ಲಿ ಹೇಳಿದರು. "ಸಾಹೇಬ್, ಬಂದೂಕ್ ಠೀಕ್ ಹೈ. ಬಾರೂದ್ ಭೀ ಠೀಕ್ ಹೈ. ಆದ್ಮೀ ಖರಾಬ್ ಹೈ." ಬಂದೂಕು ಸರಿಯಿದೆ, ಮದ್ದೂ ಸರಿಯಿದೆ, ಮನುಷ್ಯ ಕೆಟ್ಟಿದ್ದಾನೆ.

ಹಾಜಿಯವರಿಗೆ ತಕ್ಷಣ ಅರ್ಥವಾಗಲಿಲ್ಲ. ಡ್ರೈವರ್ ತನ್ನ ಕಣ್ಣು ತೋರಿಸಿ ಅರಬ್ಬಿಯಲ್ಲಿ ಎರಡು ಮಾತು ಹೇಳಿದ. ಹಾಜಿಯವರು ಬೋಲ್ಟನ್ನು ಮಡಿಲಲ್ಲಿಟ್ಟುಕೊಂಡು, ನಡುಗುವ ಕೈಯಿಂದಲೇ ಫಿಂಜಾನ್ ಎಂಬ ಪುಟ್ಟ ಬಟ್ಟಲಿಗೆ ಗಾವಾ ಸುರಿದು ಇವರ ಕೈಗೆ ಕೊಟ್ಟರು. ಅರ್ಧ ಚೆಲ್ಲಿತು. "ಆಂಖ್ ತೋ ಬನ್ ಜಾತೀ ಹೈ," ಎಂದರು. ಕಣ್ಣು ರಿಪೇರಿ ಆಗುತ್ತದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಗಾವಾ ಕುಡಿದು, ಆಪರೇಷನ್ ಮಾಡಿಸಿಕೊಂಡು, ಏನೂ ಆಗದ ಹಾಗೆ ಕೆಲಸಕ್ಕೆ ಹೋಗಬಹುದಿತ್ತು. ನಾನು ಮನಸ್ಸಿನಲ್ಲಿ ಸಾಕು, ಇನ್ನು ಮಾತಾಡಬೇಡಿ ಎಂದು ಬೇಡಿಕೊಳ್ಳುತ್ತಿದ್ದೆ. ಅವರು ಖಾಲಿ ಫಿಂಜಾನ್ ವಾಪಸ್ ಕೊಟ್ಟು ಹೇಳಿದರು, ಈ ಮೂರು ತಿಂಗಳಲ್ಲಿ ತಾನು ಸಹಿ ಹಾಕಿದ ಗೇಜುಗಳನ್ನೆಲ್ಲ ವಾಪಸ್ ತರಿಸಿ ಇನ್ನೊಬ್ಬರ ಕೈಯಲ್ಲಿ ನೋಡಿಸಬೇಕು ಎಂದು. ಮುಳ್ಳು ಎಲ್ಲಿ ನಿಂತಿತ್ತೆಂದು ತನಗೆ ಖಾತ್ರಿಯಿಲ್ಲ.

ಹಾಜಿಯವರು ಫಿಂಜಾನನ್ನು ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ, "ಅಚ್ಛಾ," ಎಂದರು. ಆ ಒಂದು ಮಾತಿನಲ್ಲಿ ನಮ್ಮ ಬಹರೇನು ಮುಗಿದದ್ದು ಮೂವರಿಗೂ ಗೊತ್ತಾಯಿತು.

ಗೇಜುಗಳು ವಾಪಸ್ ಬಂದವು. ಕೆಲವು ತಪ್ಪಾಗಿದ್ದವು, ಎಷ್ಟು ಎಂದು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿಗೆ ಗಟ್ಟಿಯಾಗಿತ್ತು. ಆಪರೇಷನ್ ಮುಗಿಯುವವರೆಗೆ ಹಾಜಿಯವರು ವೀಸಾ ಇಟ್ಟರು. ಅದಾದ ಮೇಲೆ ಆ ಕುರ್ಚಿಗೆ ಬೇರೆಯವರು ಬಂದಿದ್ದರು, ನಾವು ಹೊರಟೆವು. ತೋಟೆಗಳನ್ನು ಮೊದಲ ಕಂತಿನ ತೂಕಕ್ಕೇ ತುಂಬಿಸಿದರಂತೆ, ಡ್ರೈವರನೇ ನಿಂತು. ಹಾಜಿಯವರ ಮಗ ಹಾರಿಸಿದಾಗ ಐದು ತೂತುಗಳ ಮೇಲೆ ಒಂದು ಫಿಂಜಾನ್ ಕವುಚಿ ಮುಚ್ಚಬಹುದಿತ್ತು ಎಂದು ಡ್ರೈವರ್ ಫೋನಿನಲ್ಲಿ ಹೇಳಿದ. ನಮ್ಮವರು ಎರಡು ಸಾರಿ ಹೇಳಿಸಿಕೊಂಡು ಕೇಳಿದರು.

ಆ ಶುಕ್ರವಾರ ವಾಪಸ್ ಬರುವಾಗ ಅವರು ಮುಂದಿನ ಸೀಟು ಬಿಟ್ಟು ಹಿಂದೆ ನನ್ನ ಪಕ್ಕ ಕೂತರು. ರಿಫಾ ದಾಟುವವರೆಗೂ ಕ್ಷಮಿಸಿ ಎನ್ನಬೇಕೆಂದು ನಾನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ವಾಕ್ಯ ಜೋಡಿಸುತ್ತಿದ್ದೆ. ಎರಡರಲ್ಲೂ ಅದು ಕ್ಲಾಸಿನ ವಾಕ್ಯದಂತೆಯೇ ಬರುತ್ತಿತ್ತು. ಅವರು ಷರ್ಟಿನ ಜೇಬಿನಿಂದ ಮಡಿಸಿದ ಚೀಟಿ ತೆಗೆದರು. ಬಿಸಾಡಿರಬಹುದು ಎಂದುಕೊಂಡಿದ್ದೆ.

"ಇದರಲ್ಲಿ ಎಂತ ಉಂಟು?"

ನಾನು ಕಿಟಕಿಯ ಕಡೆ ತಿರುಗಿದೆ.

"ಓದು ಮಾರಾಯ್ತಿ. ನನಗೆ ಕಾಣುದಿಲ್ಲ."

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಡ್ರೈವರ್ ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದ. ನಾನು ಓದಿದೆ. ಖುಬ್ಬೂಸು ರೊಟ್ಟಿ, ಮೊಸರು, ಬೆಂಕಿಪೊಟ್ಟಣ, ಟೊಮ್ಯಾಟೊ ಒಂದು ಕಿಲೋ, ಕೊತ್ತಂಬರಿ ಸೊಪ್ಪು.

"ಕೊತ್ತಂಬರಿ ಮನೆಯಲ್ಲಿ ಉಂಟಲ್ಲ," ಎಂದರು.

"ಬಾಡಿ ಹೋಗಿದೆ ರೀ."

"ಹೌದಾ? ನನಗೆ ಹಸಿರೇ ಕಂಡಿತು," ಎಂದು ಚೀಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ಹೂರಾದಲ್ಲಿ ನಿಲ್ಸು," ಎಂದು ಡ್ರೈವರಿಗೆ ಹೇಳಿದರು. "ಅಕ್ಕ ಇಳೀತಾರೆ. ನಾನೂ ಇಳೀತೇನೆ, ಕೈ ಹಿಡ್ಕೊಳ್ಳಿಕ್ಕೆ ಯಾರಾದ್ರೂ ಬೇಕಲ್ಲ."